ಕೊಂಕಣದ ದಾರಿಯಲ್ಲಿ ಬಿಸಿನೀರಿನ ಬುಗ್ಗೆ: ಯಾವುದರ ಬಳಿ ಕಾರು ನಿಲ್ಲಿಸೋಣ?

ಚಳಿಗಾಲ ಹತ್ತಿರ ಬಂತೆಂದರೆ ನಮ್ಮ ಮನೆಗೆ ಈ ಫೋನ್ ಬಂದೇ ಬರುತ್ತದೆ. "ಕಾರಿನಲ್ಲಿ ಕೊಂಕಣಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಬಿಸಿನೀರಿನ ಕುಂಡಗಳು ಇವೆಯಂತೆ, ಯಾವುದಕ್ಕೆ ಹೋಗೋಣ?" ನಾನು ತಿರುಗಿ ಕೇಳುವುದು ಒಂದೇ: ಕಾರಿನಲ್ಲಿ ಯಾರ್ಯಾರು ಇರುತ್ತೀರಿ? ಎಪ್ಪತ್ತು ದಾಟಿದ ಅತ್ತೆ ಇದ್ದರೆ ಒಂದು ಉತ್ತರ. ಇಪ್ಪತ್ತೈದರ ನಾಲ್ವರು ಗೆಳೆಯರಾದರೆ ಬೇರೆ ಉತ್ತರ.

ಇದನ್ನು ನಾನು ಕಲಿತದ್ದು ನಮ್ಮ ಮೊದಲ ಪ್ರವಾಸದಲ್ಲಿ. ಅಮ್ಮನ ಮೊಣಕಾಲು ನೋವಿಗೆ ಹಿತವಾಗಲಿ ಎಂದು ಧಾರವಾಡದಿಂದ ಮಹಾರಾಷ್ಟ್ರದ ದಾಪೋಲಿ ಕಡೆಯ ಉನ್ಹವರೆಯವರೆಗೆ ಕರೆದುಕೊಂಡು ಹೋಗಿದ್ದೆ. ಎಲ್ಲಕ್ಕಿಂತ ಬಿಸಿಯಾದ ಬುಗ್ಗೆ ಅದೇ ಎಂದು ಓದಿದ್ದೆ. ಜಾಸ್ತಿ ಬಿಸಿ ಇದ್ದರೆ ಜಾಸ್ತಿ ಒಳ್ಳೆಯದು ಅಂದುಕೊಂಡಿದ್ದೆ. ಅಲ್ಲಿ ನೀರು ಹುಟ್ಟುವ ಜಾಗದಲ್ಲಿ ಹತ್ತಿರ ಹತ್ತಿರ 70 ಡಿಗ್ರಿ ಸೆಲ್ಸಿಯಸ್. ಸ್ನಾನದ ಕುಂಡದಲ್ಲೂ ಅಮ್ಮನಿಗೆ ಕಾಲು ಇಡಲು ಆಗಲಿಲ್ಲ. ಕಟ್ಟೆಯ ಮೇಲೆ ಕೂತು, ಒದ್ದೆ ಟವೆಲ್ ಮೊಣಕಾಲಿಗೆ ಸುತ್ತಿಕೊಂಡು ಎದ್ದುಬಂದರು. ವಾಪಸ್ ಬರುವಾಗ ಹೆದ್ದಾರಿ ಪಕ್ಕದ ಆರವಲಿಯಲ್ಲಿ ಸುಮ್ನೆ ನಿಲ್ಲಿಸಿದೆವು. ಅಲ್ಲಿಯ ನೀರು ಸುಮಾರು 40 ಡಿಗ್ರಿ. ನಮ್ಮ ಹಂಡೆಯ ನೀರನ್ನು ಹದಕ್ಕೆ ಬೆರೆಸಿದ ಹಾಗೆ. ಅಮ್ಮ ಇಳಿದು ಕೂತರು, ಮುಖ ಅರಳಿತು. "ಇಲ್ಲೇ ಬರಬಹುದಿತ್ತಲ್ಲ, ಅಷ್ಟು ದೂರ ಯಾಕೆ ಹೋದೆವು?" ಅಂದರು.

ಆಮೇಲೆ ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದೇನೆ. ಆರಿಸುವಾಗ ನೋಡಬೇಕಾದ್ದು ನಾಲ್ಕು ಸಂಗತಿ ಎಂದು ನನಗೆ ಖಾತ್ರಿಯಾಗಿದೆ.

ಮೊದಲನೆಯದು ನೀರಿನ ಬಿಸಿ. ಮೈ ಹಾಯಾಗಿ ತಾಳುವುದು 38ರಿಂದ 40 ಡಿಗ್ರಿ. 42 ದಾಟಿದರೆ ಹೆಚ್ಚು ಹೊತ್ತು ಕೂರಬಾರದು. 50 ಡಿಗ್ರಿಯ ನೀರು ಕೆಲವೇ ನಿಮಿಷದಲ್ಲಿ ಚರ್ಮ ಸುಡುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಹಾಗಾಗಿ ಬುಗ್ಗೆ ಎಷ್ಟು ಬಿಸಿ ಎನ್ನುವುದಕ್ಕಿಂತ ಸ್ನಾನದ ಕುಂಡಕ್ಕೆ ಬರುವ ಹೊತ್ತಿಗೆ ಎಷ್ಟು ಆರಿದೆ ಎನ್ನುವುದು ಮುಖ್ಯ.

ಎರಡನೆಯದು ಮರೆ. ಹೆಂಗಸರಿಗೆ ಬೇರೆ ಕುಂಡ ಇದೆಯೇ, ಗೋಡೆ ಇದೆಯೇ, ಬಟ್ಟೆ ಬದಲಿಸಲು ಜಾಗ ಇದೆಯೇ? ನಮ್ಮ ಕಡೆಯಿಂದ ಹೋಗುವ ಕುಟುಂಬಗಳಲ್ಲಿ ಗಂಡಸರು ಇಳಿದು ಸ್ನಾನ ಮಾಡುತ್ತಾರೆ, ಹೆಂಗಸರು ಬ್ಯಾಗು ಕಾಯುತ್ತಾ ನಿಲ್ಲುತ್ತಾರೆ. ಅದನ್ನು ನೋಡಿದಾಗೆಲ್ಲ ಬೇಸರವಾಗುತ್ತದೆ. ಎಲ್ಲರೂ ಇಳಿಯುವಂಥ ಜಾಗವನ್ನೇ ಆರಿಸಿ.

ಮೂರನೆಯದು ಹೆದ್ದಾರಿಯಿಂದ ಎಷ್ಟು ದೂರ ಎನ್ನುವುದು. ಕುಂಡದಲ್ಲಿ ನೀವು ಕೂರುವುದು ಹದಿನೈದು ನಿಮಿಷ. ಅದಕ್ಕಾಗಿ ಮೂರು ಗಂಟೆ ಬಳಸು ದಾರಿ ಹಿಡಿಯುವುದಾದರೆ, ಆ ದಾರಿಯಲ್ಲಿ ನೋಡುವಂಥದ್ದು ಬೇರೇನಾದರೂ ಇರಬೇಕು. ನಾಲ್ಕನೆಯದು ಮೆಟ್ಟಿಲು, ಪಾಚಿ, ಪಾರ್ಕಿಂಗ್, ಅಂದರೆ ವಯಸ್ಸಾದವರು ನೀರಿನವರೆಗೆ ಹೇಗೆ ತಲುಪುತ್ತಾರೆ ಎನ್ನುವುದು.

ನಾನು ಸ್ನಾನದ ದರವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಾರ್ವಜನಿಕ ಕುಂಡಗಳಲ್ಲಿ ಅದು ದೊಡ್ಡ ಖರ್ಚೇ ಅಲ್ಲ. ದುಡ್ಡು ಹೋಗುವುದು ಪೆಟ್ರೋಲಿಗೆ, ಟೋಲಿಗೆ, ರಾತ್ರಿ ತಂಗುವುದಕ್ಕೆ.

ಇಷ್ಟೊಂದು ಬುಗ್ಗೆಗಳು ಒಂದೇ ಸಾಲಿನಲ್ಲಿ ಯಾಕಿವೆ ಅಂತ ನಿಮಗೂ ಅನಿಸಬಹುದು. ಪಾಲ್ಘರ್ ಕಡೆಯಿಂದ ರಾಜಾಪುರದವರೆಗೆ ಸುಮಾರು 350 ಕಿ.ಮೀ. ಉದ್ದಕ್ಕೆ ಇವು ಹರಡಿವೆ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಈ ಸಾಲು. ಅಲ್ಲಿ ಜೀವಂತ ಜ್ವಾಲಾಮುಖಿ ಯಾವುದೂ ಇಲ್ಲ. ಮಳೆನೀರು ಕಪ್ಪುಕಲ್ಲಿನ ಆಳವಾದ ಬಿರುಕುಗಳಲ್ಲಿ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿ.ಮೀ. ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಹಾಗೆ ಕಾದ ನೀರು ಇನ್ನೊಂದು ಬಿರುಕಿನಲ್ಲಿ ಬೇಗ ಮೇಲೆ ಬಂದರೆ ಬಿಸಿ ಉಳಿಯುತ್ತದೆ. ನಿಧಾನವಾಗಿ ಬಂದರೆ, ಅಥವಾ ಮೇಲಿನ ತಣ್ಣೀರು ಸೇರಿದರೆ, ಆರುತ್ತದೆ. ಅಕ್ಕಪಕ್ಕದ ಊರುಗಳಲ್ಲೇ 40 ಡಿಗ್ರಿ, 60 ಡಿಗ್ರಿ ಎಂಬ ವ್ಯತ್ಯಾಸ ಬರುವುದು ಹೀಗೆ. ಊರಿನ ಹೆಸರಲ್ಲೂ ಸುಳಿವಿದೆ. ಮರಾಠಿಯಲ್ಲಿ 'ಊನ್' ಅಂದರೆ ಬಿಸಿ, ಬಿಸಿಲು. ಉನ್ಹಾಳೆ, ಉನ್ಹವರೆ, ಉನ್ಹೇರೆ, ಮೂರೂ ಬಿಸಿನೀರಿನ ಊರುಗಳೇ.

ಮನೆಯ ಹತ್ತಿರದ್ದು: ಇರ್ದೆಯ ಬೆಂದ್ರ್ ತೀರ್ಥ

ಕೊಂಕಣಕ್ಕೆ ಹೋಗುವ ಮೊದಲು ನಮ್ಮದೇ ನಾಡಿನ ಒಂದನ್ನು ಹೇಳಲೇಬೇಕು. ಪುತ್ತೂರಿನಿಂದ ಪಾಣಾಜೆ ಕಡೆಗೆ ಹೋಗುವ ದಾರಿಯಲ್ಲಿ ಬೆಟ್ಟಂಪಾಡಿ ಹತ್ತಿರ ಇರ್ದೆ ಇದೆ. ಅಲ್ಲಿ ಸೀರೆ ಹೊಳೆಯ ದಡದಲ್ಲಿ ಈ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಸುತ್ತ ಅಡಿಕೆ ತೋಟ, ತಂಪು ನೆರಳು.

ಹೋಗುವ ಮುಂಚೆ ಒಂದು ನಿರೀಕ್ಷೆ ಬಿಟ್ಟುಬಿಡಿ. ಇದು ಹಬೆ ಏಳುವ ನೀರಲ್ಲ, ಉಗುರುಬೆಚ್ಚಗಿನ ನೀರು. ಬೆಳಗಿನ ಜಾವ ಗಾಳಿ ತಣ್ಣಗಿದ್ದಾಗ ಆ ಬೆಚ್ಚಗೆ ಚೆನ್ನಾಗಿ ಗೊತ್ತಾಗುತ್ತದೆ, ಮಧ್ಯಾಹ್ನ ಗೊತ್ತಾಗುವುದೇ ಕಡಿಮೆ. ಮಂಗಳೂರು, ಸುಳ್ಯ, ಮಡಿಕೇರಿಯವರಿಗೆ ಅರ್ಧ ದಿನದ ಕೆಲಸ. ಬೆಂಗಳೂರಿನವರು ಇದೊಂದಕ್ಕಾಗಿ ಶಿರಾಡಿ ಇಳಿದು ಬರಬೇಡಿ. ಸುಬ್ರಹ್ಮಣ್ಯಕ್ಕೋ ಧರ್ಮಸ್ಥಳಕ್ಕೋ ಬಂದಾಗ ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಜೊತೆ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಹೊಳೆ ತುಂಬಿರುತ್ತದೆ, ಆಗ ಬೇಡ.

ರಾಜಾಪುರದ ಉನ್ಹಾಳೆ

ಗೋವಾ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಸಾವಂತವಾಡಿ, ಕುಡಾಳ, ಕಣಕವಲಿ, ಖಾರೇಪಾಟಣ ಆದ ಮೇಲೆ ರಾಜಾಪುರ. ಕೊಂಕಣದ ಬುಗ್ಗೆಗಳ ಸಾಲಿನಲ್ಲಿ ನಮಗೆ ಮೊದಲು ಸಿಗುವುದು ಇದೇ. ಕಾರವಾರ, ಕುಮಟಾ, ಉಡುಪಿ ಕಡೆಯಿಂದ ಕರಾವಳಿ ಹಿಡಿದು ಬರುವವರಿಗೆ ಇದಕ್ಕಿಂತ ಅನುಕೂಲದ್ದು ಇಲ್ಲ. ನೀರು ಸುಮಾರು 42 ಡಿಗ್ರಿ, ಮೈಗೆ ಹದವಾದ ಬಿಸಿ. ಊರು ಹೆದ್ದಾರಿಗೆ ಹತ್ತಿರ.

ಉನ್ಹಾಳೆಯ ಇನ್ನೊಂದು ವಿಶೇಷ ರಾಜಾಪುರದ ಗಂಗೆ. ಬಿಸಿನೀರಿನ ಕುಂಡದ ಹತ್ತಿರವೇ ಹದಿನಾಲ್ಕು ಕುಂಡಗಳಿರುವ ತೀರ್ಥ. ವರ್ಷಗಟ್ಟಲೆ ಒಣಗಿರುತ್ತದೆ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಇದ್ದಕ್ಕಿದ್ದಂತೆ ನೀರು ಉಕ್ಕಿ, ಕೆಲವು ವಾರ ಅಥವಾ ತಿಂಗಳು ಹರಿದು, ಮತ್ತೆ ಮಾಯ. ಗಂಗೆ ಬಂದಳು ಎಂಬ ಸುದ್ದಿ ಹಬ್ಬಿದರೆ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಆಗ ನೆಮ್ಮದಿಯ ಬಿಸಿನೀರಿನ ಸ್ನಾನ ಸಿಗುವುದಿಲ್ಲ. ಆದರೆ ಆ ನೋಟ ಮತ್ತೆ ಬೇಕೆಂದಾಗ ಸಿಗುವುದೂ ಇಲ್ಲ.

ಕಲ್ಲು, ಇತಿಹಾಸ ಇಷ್ಟಪಡುವವರು ಜೊತೆಯಲ್ಲಿದ್ದರೆ ಹತ್ತಿರದ ಬಾರಸು ಬಯಲಿಗೂ ಹೋಗಿ. ಕೆಂಪು ಜಂಬಿಟ್ಟಿಗೆಯ ನೆಲದಲ್ಲೇ ಮನುಷ್ಯ, ಪ್ರಾಣಿಗಳ ದೊಡ್ಡ ದೊಡ್ಡ ಚಿತ್ರ ಕೊರೆದಿದ್ದಾರೆ. ಕೊಂಕಣದ ಈ ಕಲ್ಲುಚಿತ್ರಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಬಿಸಿಲಿಗೆ ನೆರಳೇ ಇಲ್ಲ. ಹಾಗಾಗಿ ಬೆಳಿಗ್ಗೆ ಬಾರಸು, ಆಮೇಲೆ ಸ್ನಾನ.

ಸಂಗಮೇಶ್ವರದ ತುರಳ, ರಾಜವಾಡಿ, ಆರವಲಿ

ನನ್ನ ಮನಸ್ಸು ಹೆಚ್ಚು ಒಲಿದಿರುವುದು ಇಲ್ಲಿಗೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸಂಗಮೇಶ್ವರದಿಂದ ಚಿಪಳೂಣ ಕಡೆಗೆ ಹೋಗುವಾಗ ಹೆದ್ದಾರಿ 66ರಲ್ಲೇ ಮೊದಲು ತುರಳ, ಸ್ವಲ್ಪ ಮುಂದೆ ಆರವಲಿ. ತುರಳದಿಂದ ಒಳಗೆ ಹೊರಳಿದರೆ ರಾಜವಾಡಿ. ಮೂರೂ ಒಂದೇ ಬೆಳಿಗ್ಗೆಯಲ್ಲಿ ಮುಗಿಯುವಷ್ಟು ಹತ್ತಿರ. ಆದರೆ ಮೂರರ ಸ್ವಭಾವ ಬೇರೆ ಬೇರೆ. ತುರಳದ ಬುಗ್ಗೆ ಸುಮಾರು 60 ಡಿಗ್ರಿ. ನೀರು ಹುಟ್ಟುವಲ್ಲಿ ಕೈ ಹಾಕುವ ಹಾಗಿಲ್ಲ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಗಟ್ಟಿ ಬಿಸಿ ಬೇಕೆನ್ನುವವರು, ಲಾಂಗ್ ಡ್ರೈವ್ ಆಗಿ ಬೆನ್ನು ಹಿಡಿದವರು ಇಲ್ಲಿ ನಿಲ್ಲಿಸುತ್ತಾರೆ. ಒಮ್ಮೆಗೇ ಇಳಿಯಬೇಡಿ. ಮೊದಲು ಚೊಂಬಿನಲ್ಲಿ ತೆಗೆದು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಬೆನ್ನಿಗೆ. ಬಚ್ಚಲಿನಲ್ಲಿ ಹಂಡೆಯ ನೀರು ಕಾದುಹೋಗಿದ್ದಾಗ ನಾವು ಮಾಡುವುದೂ ಅದನ್ನೇ ಅಲ್ವಾ?

ಆರವಲಿ ಇದಕ್ಕೆ ತದ್ವಿರುದ್ಧ. ಸುಮಾರು 40 ಡಿಗ್ರಿ, ತಣ್ಣೀರು ಬೆರೆಸುವುದೇ ಬೇಡ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಎರಡನೇ ಯೋಚನೆ ಇಲ್ಲದೆ ಇದೇ. ರಾಜವಾಡಿಗೆ ನಾನು ಹೋಗುವುದು ಸ್ನಾನಕ್ಕಿಂತ ಅಲ್ಲಿನ ಸೋಮೇಶ್ವರ ದೇವಸ್ಥಾನಕ್ಕೆ. ಹೆದ್ದಾರಿಯ ಲಾರಿಗಳ ಸದ್ದು ಅಲ್ಲಿಗೆ ಕೇಳುವುದಿಲ್ಲ.

ಇಲ್ಲಿನ ದೊಡ್ಡ ಲಾಭ ಏನೆಂದರೆ ಒಂದೇ ಕಾರಿನಲ್ಲಿ ಬಂದ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಬಿಸಿ ಸಿಗುತ್ತದೆ. ಇನ್ನೊಂದು ಲಾಭ ದಾರಿ. ಬೆಳಗಾವಿ ಕಡೆಯಿಂದ ಬರುವವರು ಗೋವಾ ಸುತ್ತಬೇಕಿಲ್ಲ. ಕೊಲ್ಲಾಪುರ, ಮಲಕಾಪುರ, ಆಂಬಾ ಘಾಟ್ ಇಳಿದು ಸಾಖರಪಾ, ಅಲ್ಲಿಂದ ದೇವರುಖ, ಸಂಗಮೇಶ್ವರ. ಬೆಳಗಾವಿಯಿಂದ ಹೆಚ್ಚುಕಡಿಮೆ 240 ಕಿ.ಮೀ. ದೇವರುಖದ ಹತ್ತಿರ ಮಾರ್ಲೇಶ್ವರದ ಗುಹಾ ದೇವಸ್ಥಾನ, ಜಲಪಾತ ಇದೆ. ಸಂಗಮೇಶ್ವರದ ಕಸಬಾದಲ್ಲಿ ಕರ್ಣೇಶ್ವರದ ಹಳೆಯ ಕಲ್ಲಿನ ಗುಡಿ ಇದೆ. ಬಾದಾಮಿ, ಲಕ್ಕುಂಡಿ ನೋಡಿದ ಕಣ್ಣಿಗೆ ಆ ಕೆತ್ತನೆ ಹತ್ತಿರದ್ದು ಅನಿಸುತ್ತದೆ. 1689ರಲ್ಲಿ ಸಂಭಾಜಿ ಮಹಾರಾಜರು ಮೊಗಲರಿಗೆ ಸೆರೆ ಸಿಕ್ಕಿದ್ದು ಇದೇ ಸಂಗಮೇಶ್ವರದಲ್ಲಿ.

ಕೊರತೆಯೂ ಇದೆ. ಹೆದ್ದಾರಿ ಪಕ್ಕ ಇರುವುದರಿಂದ ರಜಾ ದಿನ, ಗಣೇಶ ಚೌತಿಯ ಆಸುಪಾಸು ಮುಂಬೈ ವಾಹನಗಳ ದಟ್ಟಣೆ. ಲಾರಿ ಚಾಲಕರು, ಬಸ್ಸಿನ ಪ್ರಯಾಣಿಕರು ಎಲ್ಲರೂ ಇಳಿದು ಮಿಂದು ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಮುಂಚೆ ತಲುಪಿದರೆ ನೀರು ತಿಳಿಯಾಗಿರುತ್ತದೆ. ಹತ್ತರ ಮೇಲೆ ಆ ಮಾತು ಹೇಳಲಾರೆ.

ದಾಪೋಲಿಯ ಉನ್ಹವರೆ

ಅಮ್ಮನ ವಿಷಯದಲ್ಲಿ ನಾನು ತಪ್ಪಿದ್ದು ಇಲ್ಲಿ. ಹಾಗಂತ ಜಾಗ ಕೆಟ್ಟದ್ದಲ್ಲ. ನೀರು ಭೂಮಿಯಿಂದ ಹಬೆಯಾಡುತ್ತಾ ಏಳುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಈ ಸಾಲಿನಲ್ಲಿ ಇದಕ್ಕೆ ಸಮನಾದದ್ದಿಲ್ಲ. ಚಳಿಗಾಲದ ಮುಂಜಾನೆ ಕುಂಡದ ಮೇಲೆ ಬಿಳಿ ಹಬೆ ತೇಲುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಮಕ್ಕಳ ಕೈ ಬಿಡಬೇಡಿ. 70 ಡಿಗ್ರಿಯ ನೀರಿಗೆ ಜಾರಿದರೆ ಒಂದೇ ಕ್ಷಣ ಸಾಕು.

ಖೇಡದ ಬಳಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಕು. ದಾಪೋಲಿಯಲ್ಲಿ ಉಳಿದುಕೊಂಡರೆ ಅಲ್ಲಿಂದ ಸುಮಾರು ಒಂದು ಗಂಟೆ. ಕಿರಿದಾದ, ತಿರುವುಗಳ ರಸ್ತೆ. ವಾಂತಿ ಬರುವವರು ಇದ್ದರೆ ಮುಂದಿನ ಸೀಟು ಕೊಡಿ. ಇದಕ್ಕಾಗಿ ಮಾತ್ರ ಬಂದರೆ ಹೋದ ಹೊತ್ತಿಗೆ ತಕ್ಕ ಫಲ ಸಿಗುವುದಿಲ್ಲ. ದಾಪೋಲಿಯಲ್ಲಿ ಎರಡು ರಾತ್ರಿ ಇಟ್ಟುಕೊಂಡು ಬಂದರೆ ಬೇರೆಯದೇ ಪ್ರವಾಸ. ಕೋಟಜಾಯಿ ನದಿಯ ಕಣಿವೆಯಲ್ಲಿ ಪನ್ಹಾಳೆಕಾಜಿಯ ಇಪ್ಪತ್ತೊಂಬತ್ತು ಗುಹೆಗಳಿವೆ. ಮೊದಲು ಬೌದ್ಧರದ್ದು, ಆಮೇಲೆ ನಾಥಪಂಥದವರದ್ದು. ಹರ್ಣೈ ಬಂದರಿನಲ್ಲಿ ಮೀನಿನ ಹರಾಜು, ಸಮುದ್ರದೊಳಗೆ ಸುವರ್ಣದುರ್ಗ, ಕರ್ದೆ ಮತ್ತು ಮುರುಡ ಕಡಲ ತೀರ. ಸ್ವಂತ ಕಾರು, ಮೂರು ನಾಲ್ಕು ದಿನದ ರಜೆ, ಗಟ್ಟಿ ಮೊಣಕಾಲು ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮುಂದೆ ಮಹಾಡದ ಹತ್ತಿರ ಸಾವ, ಪಾಲಿಯ ಬಲ್ಲಾಳೇಶ್ವರ ಗಣಪತಿ ಗುಡಿಯ ಹತ್ತಿರ ಉನ್ಹೇರೆ ಸಿಗುತ್ತವೆ. ಅಷ್ಟವಿನಾಯಕ ಯಾತ್ರೆಗೆ ಹೊರಟವರು ಪಾಲಿಗೆ ಹೇಗೂ ಹೋಗುತ್ತೀರಿ, ಉನ್ಹೇರೆಯಲ್ಲಿ ಮಿಂದು ಬನ್ನಿ. ಬರೀ ಬುಗ್ಗೆಗಾಗಿ ಅಷ್ಟು ದೂರ ಬೇಡ.

ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ

ಮುಂಬೈಯಿಂದ ಸುಮಾರು 75 ಕಿ.ಮೀ. ದೂರ, ತಾನ್ಸಾ ನದಿಯ ಅಕ್ಕಪಕ್ಕ. ಸೌಕರ್ಯದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ. ಸಾರ್ವಜನಿಕ ಕುಂಡಗಳು ಬೇಡ ಎನ್ನುವವರಿಗೆ ಬಿಸಿನೀರನ್ನು ಕೋಣೆಯ ತೊಟ್ಟಿಗೇ ಬಿಡುವ ಖಾಸಗಿ ಸ್ನಾನಗೃಹಗಳಿವೆ, ಉಳಿಯಲು ರೂಮುಗಳಿವೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡಬಹುದು. ಹೆಂಗಸರಿಗೆ, ಇನ್ನೊಬ್ಬರ ನೆರವಿಲ್ಲದೆ ಕೂರಲು ಆಗದ ಹಿರಿಯರಿಗೆ ಇದು ಸಣ್ಣ ಸಂಗತಿಯಲ್ಲ. ಖರ್ಚು ಸಹಜವಾಗಿಯೇ ಜಾಸ್ತಿ. ವಾರಾಂತ್ಯದಲ್ಲಿ ಮುಂಬೈ, ಠಾಣೆಯ ಜನ ತುಂಬಿರುತ್ತಾರೆ. ವಾರದ ನಡುವೆ ಹೋಗಿ.

ವಜ್ರೇಶ್ವರಿ ದೇವಸ್ಥಾನ ಗುಡ್ಡದ ಮೇಲಿದೆ. 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದ ಮರಾಠಾ ಸೇನಾನಿ ಚಿಮಾಜಿ ಅಪ್ಪಾ ಹರಕೆ ತೀರಿಸಲು ಕಟ್ಟಿಸಿದ ಗುಡಿ. ನಮಗೆ ಹತ್ತಿರವಾಗುವುದು ಗಣೇಶಪುರಿ. ಕಾಞಂಗಾಡಿನಲ್ಲಿ, ನಮ್ಮ ದಕ್ಷಿಣ ಕನ್ನಡದಲ್ಲಿ ಓಡಾಡಿಕೊಂಡಿದ್ದ ಭಗವಾನ್ ನಿತ್ಯಾನಂದರು ಕೊನೆಗೆ ನೆಲೆಸಿದ್ದು ಈ ಬಿಸಿನೀರಿನ ಕುಂಡಗಳ ಊರಿನಲ್ಲಿ. 1961ರಲ್ಲಿ ಸಮಾಧಿಯಾದರು. ಅವರ ಶಿಷ್ಯ ಸ್ವಾಮಿ ಮುಕ್ತಾನಂದರು ಮಂಗಳೂರು ಕಡೆಯವರು. ಸಮಾಧಿ ಮಂದಿರದ ಸುತ್ತ ತುಳು, ಕನ್ನಡ ಕೇಳಿಸಿದರೆ ಆಶ್ಚರ್ಯ ಪಡಬೇಡಿ.

ಬೆಳಗಾವಿಯಿಂದ ಪುಣೆ ಮೇಲೆ ಬಂದರೂ 500 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ಸಾವಿರ ಮೀರುತ್ತದೆ. ಮುಂಬೈಯಲ್ಲಿ ನೆಂಟರಿದ್ದು ಅಲ್ಲಿಗೆ ಹೋದಾಗ ಒಂದು ದಿನ ಮೀಸಲಿಡುವುದು ಜಾಣತನ.

ಖರ್ಚು, ಕಾಲ, ದಾರಿ

ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಬೆಳಗಾವಿಯಿಂದ ತುರಳಕ್ಕೆ ಹೋಗಿ ಬರಲು 32 ಲೀಟರ್ ಸಾಕು. ವಜ್ರೇಶ್ವರಿಗೆ 70 ದಾಟುತ್ತದೆ, ಟೋಲ್ ಬೇರೆ. ಬೆಂಗಳೂರಿನಿಂದ ತುರಳಕ್ಕೂ ಒಂದು ಕಡೆಗೆ 740 ಕಿ.ಮೀ. ಆಗುತ್ತದೆ. ಒಂದೇ ದಿನ ಓಡಿಸಬೇಡಿ, ಕೊಲ್ಲಾಪುರದಲ್ಲಿ ತಂಗಿ. ಎರಡು ದಿನದ ರಜೆ ಮಾತ್ರ ಇದ್ದರೆ ಬೆಂಗಳೂರಿನವರಿಗೆ ಕೊಂಕಣದ ಬುಗ್ಗೆ ಬೇಡವೇ ಬೇಡ. ಕಮ್ಮಿ ಎಂದರೂ ನಾಲ್ಕು ದಿನ ಬೇಕು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇಯಲ್ಲಿ ಹಾಪೂಸ್ ಮಾವಿನ ಹಣ್ಣಿಗಾಗಿ ರತ್ನಾಗಿರಿಗೆ ಬರುವವರು ನಸುಕಿನಲ್ಲೇ ಮಿಂದುಬಿಡಿ. ಬೆವರುವ ಮೈಗೆ ಬಿಸಿನೀರು ಹಿಂಸೆ. ಮಳೆಗಾಲದಲ್ಲಿ ಆಂಬಾ ಘಾಟಿನ ಮಂಜು, ಚಿಪಳೂಣದ ಪರಶುರಾಮ ಘಾಟಿನ ಗುಡ್ಡ ಕುಸಿತ ಎರಡೂ ನಿಜವಾದ ಅಪಾಯ. ಮುಂಬೈ–ಗೋವಾ ಹೆದ್ದಾರಿಯ ಅಗಲೀಕರಣ 2011ರಲ್ಲಿ ಶುರುವಾಗಿ ವರ್ಷಾನುಗಟ್ಟಲೆ ಎಳೆದಿದೆ. ಸೊಗಸಾದ ನಾಲ್ಕು ಪಥದ ನಂತರ ಇದ್ದಕ್ಕಿದ್ದಂತೆ ಬದಲಿ ದಾರಿ ಎದುರಾಗಬಹುದು. ರಾತ್ರಿ ಓಡಿಸುವುದನ್ನು ತಪ್ಪಿಸಿ. ಊಟದ ಚಿಂತೆ ಬೇಡ. ನಮ್ಮ ನೀರುದೋಸೆಯ ತಂಗಿಯಂಥ ಘಾವನ್, ಮುರುಗಲ ಹುಳಿಯ ಸೋಲ್‌ಕಢಿ ಎಲ್ಲ ಕಡೆ ಸಿಗುತ್ತದೆ. ಮಿಂದ ಮೇಲೆ ಆ ಸೋಲ್‌ಕಢಿ ಕುಡಿದು ನೋಡಿ.

ನೀರಿಗೆ ಇಳಿಯುವ ಮುನ್ನ

ಗರ್ಭಿಣಿಯರು, ಹೃದಯದ ತೊಂದರೆ, ಏರುಪೇರಾಗುವ ಬಿ.ಪಿ. ಇರುವವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರಿಗೆ ಸುಡುತ್ತಿರುವುದೇ ತಿಳಿಯುವುದಿಲ್ಲ. ಅವರ ಪರವಾಗಿ ಬೇರೆಯವರು ಮೊಣಕೈ ಅದ್ದಿ ನೋಡಬೇಕು. ಮಕ್ಕಳ ಸ್ನಾನಕ್ಕೆ ಬಳಸುವ ಸಣ್ಣ ಥರ್ಮಾಮೀಟರ್ ನನ್ನ ಕಾರಿನಲ್ಲಿ ಸದಾ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಎದ್ದುಬಿಡಿ, ನಿಧಾನವಾಗಿ ಎದ್ದು ನೀರು ಕುಡಿಯಿರಿ.

ತಲೆ ಮುಳುಗಿಸಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಇರಬಹುದು. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿನ ಇಂಥ ಸೋಂಕು ಜೀವ ತೆಗೆದಿದೆ. ಬಿಸಿನೀರಿನ ಕುಂಡದಲ್ಲಿ ಮುಳುಗು ಹಾಕುವ ಪದ್ಧತಿ ಎಷ್ಟೇ ಹಳೆಯದಾದರೂ, ಮಕ್ಕಳ ಮೂಗು ನೀರಿನ ಮೇಲೇ ಇರಲಿ. ಗಾಯ ಇದ್ದರೆ ಇಳಿಯಬೇಡಿ. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಅನೇಕರು ಅದೇ ನೀರಿಗೆ ಇಳಿದಿರುತ್ತಾರೆ. ಬೆಳ್ಳಿಯ ಕಾಲುಂಗುರ, ಗೆಜ್ಜೆ ಗಂಧಕಕ್ಕೆ ಕಪ್ಪಾಗುತ್ತವೆ, ಬಿಚ್ಚಿಡಿ.

ಸೋಪು, ಶಾಂಪೂ, ಎಣ್ಣೆ ಕುಂಡಕ್ಕೆ ಬೇಡ. ದೀಪಾವಳಿ ರಜೆಯಲ್ಲಿ ಹೋದವರು ಅಭ್ಯಂಜನವನ್ನು ಅಲ್ಲೇ ಮಾಡಿದ್ದನ್ನು ಕಂಡಿದ್ದೇನೆ. ನೀರಿನ ಮೇಲೆ ಎಣ್ಣೆಯ ಪದರ, ಕಟ್ಟೆಯ ಮೇಲೆ ಶಾಂಪೂ ಸ್ಯಾಚೆ. ಆ ಊರಿನ ಹೆಂಗಸರು ಸಂಜೆ ಅದೇ ಕಟ್ಟೆಗೆ ಬರುತ್ತಾರೆ.

ಸ್ನಾನದ ಚೀಲದಲ್ಲಿ ಒಂದು ಚೊಂಬು, ಎರಡು ಟವೆಲ್, ಹಳೆಯ ಕಾಟನ್ ನೈಟಿ ಅಥವಾ ಪಂಚೆ, ಜಾರದ ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಅದನ್ನು ಡಿಕ್ಕಿಯಲ್ಲಿ ಎಲ್ಲದರ ಮೇಲೆ ಇಡಿ. ಆರವಲಿಯಲ್ಲಿ ಬೆಳಗಿನ ಆರೂವರೆಗೆ ಇಳಿದಾಗ ಅದಕ್ಕಾಗಿ ಎಲ್ಲ ಸೂಟ್‌ಕೇಸ್ ಕೆಳಗಿಳಿಸಬೇಕಾಗಬಾರದು.